ಡಾರ್ಕ್‌ರೂಮಿನ ಕಂಪ್ಯೂಟರು

ಫೋಟೋ ಸ್ಟುಡಿಯೋದ ಮಾಲೀಕನಿಗೆ ಗಿರಾಕಿಗಳು ಇಟ್ಟ ಹೆಸರು ಅನುಮಾನದಣ್ಣ. ಸುಮ್ಮನೆ ಇಟ್ಟದ್ದಲ್ಲ. ಅಂಗಡಿಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವನು ವಾಪಸ್ಸು ಬಂದು ಬೀಗ ಜಗ್ಗಿ ನೋಡುತ್ತಿದ್ದ. ಮಳೆ ಬರ್ತಿದೆ ಎಂದು ಹೆಂಡತಿ ಹೇಳಿದರೆ ಕಿಟಕಿಯಿಂದ ಕೈ ಚಾಚಿ ನೋಡಿಯೇ ಕೊಡೆ ಹುಡುಕುತ್ತಿದ್ದ. ಹೆಂಡತಿ ಇದಕ್ಕೆ ತದ್ವಿರುದ್ಧ. ಗಂಡ ಹೇಳಿದ ಮಾತನ್ನು ಅವಳು ಮದುವೆಯಾದಾಗಿನಿಂದ ಒಮ್ಮೆಯೂ ತಿರುಗಿಸಿ ಕೇಳಿದವಳಲ್ಲ. ಆ ಸಂಸಾರ ಅಷ್ಟು ವರ್ಷ ನೆಟ್ಟಗೆ ನಡೆದದ್ದು ಅವಳೊಬ್ಬಳು ನಂಬಿದ್ದರಿಂದ, ಅವನಿಂದಲ್ಲ.

ಅವಳ ತಮ್ಮ ಕೆಲಸ ಮಾಡುತ್ತಿದ್ದ ಮುದ್ರಣಾಲಯ ಮುಚ್ಚಿಹೋಯಿತು. ಕೈಚೀಲ ಹಿಡಿದು ಬಾಗಿಲಿಗೆ ಬಂದ. "ನಮ್ಮನ್ನ ಬಿಟ್ರೆ ಅವನಿಗೆ ಯಾರಿದಾರೆ ರೀ" ಎಂದಳು ಹೆಂಡತಿ. ಅನುಮಾನದಣ್ಣ ಭಾಮೈದನಿಗೆ ಮನೆಯಲ್ಲಿ ಜಾಗ ಕೊಟ್ಟ, ಸ್ಟುಡಿಯೋದಲ್ಲಿ ಕೆಲಸ ಕೊಟ್ಟ. ಕೊಟ್ಟ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದ.

ಕೆಲವು ತಿಂಗಳಾದ ಮೇಲೆ ಭಾಮೈದ ಹಿಂದಿನ ಡಾರ್ಕ್‌ರೂಮನ್ನೂ ಮೂಲೆಗೆ ಬಿದ್ದಿದ್ದ ಹಳೇ ಕಂಪ್ಯೂಟರನ್ನೂ ಕೇಳಿದ. ಫಿಲ್ಮ್ ತೊಳೆಯುವ ಕಾಲ ಮುಗಿದ ಮೇಲೆ ಆ ಕೋಣೆಗೆ ಹೋಗುತ್ತಿದ್ದದ್ದು ಜೇಡಗಳು ಮಾತ್ರ.

"ಏನು ಮಾಡ್ತೀಯಾ ಅಲ್ಲಿ?"

"ಫುಲ್ ನೋಡ್ ಅಂತ ಒಂದು ಪ್ರೋಗ್ರಾಮ್ ಹಾಕ್ತೀನಿ ಭಾವ. ಕ್ರಿಪ್ಟೋ ಅಂತಾರಲ್ಲ, ಆ ದುಡ್ಡು ಯಾರಿಂದ ಯಾರಿಗೆ ಹೋಯ್ತು ಅನ್ನೋ ಲೆಕ್ಕ ಮೊದಲನೇ ದಿನದಿಂದ ಇವತ್ತಿನವರೆಗೆ ನಮ್ಮ ಕಂಪ್ಯೂಟರಲ್ಲೇ ಇರುತ್ತೆ. ಪ್ರತಿಯೊಂದನ್ನೂ ಅದೇ ಪರೀಕ್ಷೆ ಮಾಡುತ್ತೆ."

"ಅದರಿಂದ ನಿನಗೆಷ್ಟು ಸಿಗುತ್ತೆ?"

"ಏನೂ ಸಿಗಲ್ಲ. ಆ ದುಡ್ಡನ್ನ ಹೊಸದಾಗಿ ಹುಟ್ಟಿಸೋದಕ್ಕೆ ಗಣಿಗಾರಿಕೆ ಅಂತಾರೆ, ಅದು ಮಾಡೋರಿಗೆ ಸಿಗುತ್ತೆ, ಇದು ಅದಲ್ಲ. ಪ್ರೋಗ್ರಾಮೂ ಬಿಟ್ಟಿ. ಅದರ ಒಳಗೆ ಏನಿದೆ ಅಂತ ಯಾರು ಬೇಕಾದ್ರೂ ತೆಗೆದು ಓದಬಹುದು."

ಲಾಭ ಬರುತ್ತೆ ಎಂದಿದ್ದರೆ ಅನುಮಾನದಣ್ಣ ಅರ್ಧ ನಂಬುತ್ತಿದ್ದನೇನೋ. ಏನೂ ಸಿಗದ ಕೆಲಸಕ್ಕೆ ಒಬ್ಬ ಮನುಷ್ಯ ಮೈಮುರಿದು ಧೂಳು ಹೊಡೆಯುವುದನ್ನು ಅವನು ಎಲ್ಲೂ ಕಂಡಿರಲಿಲ್ಲ. ಆದರೂ ಹೆಂಡತಿಯ ಮುಖ ನೋಡಿ ಹೂಂ ಅಂದ.

ಹಾಕುವ ದಿನ ಬೆನ್ನ ಹಿಂದೆಯೇ ನಿಂತ. ಭಾಮೈದ ಪ್ರೋಗ್ರಾಮನ್ನು ಇಳಿಸಿಕೊಂಡು, ತೆರೆಯುವ ಮೊದಲು ಅದರ ಗುರುತಿನ ಉದ್ದನೆಯ ಅಕ್ಷರಗಳ ಸಾಲನ್ನು ತಯಾರಿಸಿದವರು ಪ್ರಕಟಿಸಿದ್ದರ ಜೊತೆ ಹೋಲಿಸಿದ. ದಾರಿಯಲ್ಲಿ ಯಾರಾದರೂ ಕೈಯಾಡಿಸಿದ್ದರೆ ಎರಡೂ ತಾಳೆಯಾಗುವುದಿಲ್ಲವಂತೆ. ಬೆರಳಿಟ್ಟು ಒಂದೊಂದೇ ಅಕ್ಷರ ನೋಡುತ್ತಿದ್ದ ಅವನನ್ನು ಕಂಡು ಅನುಮಾನದಣ್ಣನಿಗೆ ಮೊದಲ ಸಲ ಅಭಿಮಾನ ಬಂತು. ಆಮೇಲೆ, ಇಷ್ಟು ಹುಷಾರಾಗಿರುವವನು ಏನನ್ನೋ ಮುಚ್ಚಿಡುತ್ತಿರಬೇಕು ಎನ್ನಿಸಿತು.

ಕಂಪ್ಯೂಟರಿನ ಪೆಟ್ಟಿಗೆ ಗುಂಯ್ ಎನ್ನುತ್ತ ವಾರಗಟ್ಟಲೆ ಲೆಕ್ಕ ಇಳಿಸಿಕೊಂಡಿತು. ಅದು ಮುಗಿಯಿತು ಎಂದು ಭಾಮೈದ ಹೇಳಿದ ಮೇಲೂ ಫೋನಿನಲ್ಲಿ ಅಂಗಡಿಯ ಇಂಟರ್ನೆಟ್ ತೆವಳುತ್ತಲೇ ಇತ್ತು. ಅನುಮಾನದಣ್ಣ ಯಾರಿಗೂ ಹೇಳದೆ ಕೇಬಲ್‌ನವನನ್ನು ಕರೆಸಿದ.

"ಒಳಗೆ ಬರೋದಕ್ಕಿಂತ ಹೊರಗೆ ಹೋಗ್ತಿರೋದೇ ಜಾಸ್ತಿ ಸರ್," ಎಂದ ಕೇಬಲ್‌ನವನು. "ಎಲ್ಲೆಲ್ಲಿಗೋ ಹೋಗ್ತಿದೆ. ಬೇರೆ ಬೇರೆ ದೇಶಕ್ಕೆ."

ಅನುಮಾನದಣ್ಣ ಗೋಡೆಯ ಮೇಲಿನ ಫೋಟೋಗಳ ಕಡೆ ನೋಡಿದ. ಈ ಅಂಗಡಿಯಿಂದ ಹೊರಗೆ ಕಳಿಸಲು ಏನಿದೆ? ಮುಖಗಳು. ಊರಿನ ಮದುಮಕ್ಕಳ ಮುಖ, ಶಾಲೆಯ ಮಕ್ಕಳ ಮುಖ, ಗುರುತಿನ ಚೀಟಿಗೆ ಕೂತು ಹೋದವರ ಮುಖ. ಅಪ್ಪನ ಕಾಲದಿಂದ ಜನ ನಂಬಿ ಕೊಟ್ಟ ಮುಖಗಳನ್ನು ಹೆಂಡತಿಯ ತಮ್ಮ ಮಾರುತ್ತಿದ್ದಾನೆ. ಇದು ಬೀದಿಗೆ ಬಿದ್ದರೆ ಅಂಗಡಿ ಮುಚ್ಚಿ ತಲೆಮರೆಸಿಕೊಳ್ಳಬೇಕು.

ಕೇಬಲ್‌ನವನು ಮೆಟ್ಟಿಲಿಳಿಯುವ ಮೊದಲೇ ಅನುಮಾನದಣ್ಣ ಡಾರ್ಕ್‌ರೂಮಿಗೆ ನುಗ್ಗಿ ಪೆಟ್ಟಿಗೆಯ ವೈರನ್ನು ಗೋಡೆಯಿಂದ ಕಿತ್ತ. ಗುಂಯ್ ಸದ್ದು ನಿಂತಿತು. ಲೆನ್ಸ್ ರಿಪೇರಿಗೆಂದು ಹೋಗಿದ್ದ ಭಾಮೈದ ಬಂದಾಗ ಅವನು ಬಾಗಿಲಿಗೆ ಅಡ್ಡ ನಿಂತಿದ್ದ. ಊಟದ ಡಬ್ಬಿ ತಂದಿದ್ದ ಹೆಂಡತಿಯೂ ಅಲ್ಲೇ ಇದ್ದಳು.

"ಎಷ್ಟಕ್ಕೆ ಮಾರಿದೆ?"

"ಏನನ್ನ ಭಾವ?"

"ನನ್ನ ಗಿರಾಕಿಗಳ ಫೋಟೋನ. ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ ಕಣಯ್ಯ."

ಭಾಮೈದ ಅಕ್ಕನ ಕಡೆ ನೋಡಿದ. ಆಮೇಲೆ ಒಳಗೆ ಹೋಗಿ ವೈರು ಸಿಕ್ಕಿಸಿ ಪೆಟ್ಟಿಗೆ ಹಚ್ಚಿದ. ಪರದೆಯ ಮೇಲೆ ಒಂದು ಸಾಲು ಬಂತು. ಬರೆಯುತ್ತಿದ್ದಾಗಲೇ ಕರೆಂಟು ಹೋದ್ದರಿಂದ ಲೆಕ್ಕ ಕೆಟ್ಟಿದೆ, ಎಲ್ಲವನ್ನೂ ಮೊದಲಿನಿಂದ ಪರೀಕ್ಷಿಸಬೇಕು ಎಂದು ಅದರ ಅರ್ಥ.

"ಹೊರಗೆ ಹೋಗ್ತಿದ್ದದ್ದು ಇದೇ ಲೆಕ್ಕ," ಎಂದ. "ಹೊಸದಾಗಿ ಸೇರಿದೋರು ಕೇಳ್ತಾರೆ, ನಮ್ಮ ಪೆಟ್ಟಿಗೆ ಕೊಡುತ್ತೆ. ನಾವೂ ಹಾಗೇ ತಗೊಂಡಿದ್ದು."

"ನೀನು ಹೇಳಿದ್ದನ್ನ ನಾನು ನಂಬಬೇಕಾ?"

"ಬೇಡ. ಫೋಟೋಗಳೆಲ್ಲ ಇರೋದು ನಿಮ್ಮ ಮೇಜಿನ ಕಂಪ್ಯೂಟರಲ್ಲಿ. ಅದರ ಇಂಟರ್ನೆಟ್ ವೈರ್ ಹಿಡ್ಕೊಂಡು ಹೋಗಿ, ಎಲ್ಲಿಗೆ ಹೋಗುತ್ತೆ ನೋಡಿ."

ಅನುಮಾನದಣ್ಣ ಬಗ್ಗಿದ. ತನ್ನ ಮೇಜಿನ ಹಿಂದಿನಿಂದ ಹೊರಟ ಬೂದು ವೈರನ್ನು ಕೈಯಲ್ಲಿ ಹಿಡಿದು ಬೀರುವಿನ ಸಂದಿಯಲ್ಲಿ ತೂರಿ, ಮೊಣಕಾಲೂರಿ ಸಾಗಿದ. ವೈರು ಗೋಡೆಯವರೆಗೂ ಹೋಗಿರಲಿಲ್ಲ. ಅದರ ತುದಿಗೆ ಟೇಪು ಸುತ್ತಿ ಮೊಳೆಗೆ ನೇತುಹಾಕಿತ್ತು. ಟೇಪಿನ ಮೇಲೆ ಆಗಲೇ ಧೂಳು ಕೂತಿತ್ತು.

"ನೋಡ್ ಹಾಕಿದ ದಿನಾನೇ ತೆಗೆದೆ," ಎಂದ ಭಾಮೈದ. "ಹೊರಗಿನೋರ ಜೊತೆ ಮಾತಾಡೋ ಪೆಟ್ಟಿಗೆ ಬರ್ತಿದೆ, ಫೋಟೋಗಳು ದೂರ ಇರಲಿ ಅಂತ. ನೀವು ಹೇಗೂ ಪೆನ್‌ಡ್ರೈವಲ್ಲೇ ಎಲ್ಲಾ ಹಾಕೋದು."

ಊರಿಗೆಲ್ಲ ಅನುಮಾನ ಹಂಚಿದವನು ತನ್ನ ಮೇಜಿನ ಹಿಂದೆ ಒಮ್ಮೆಯೂ ಇಣುಕಿರಲಿಲ್ಲ. ಮೊಣಕಾಲಿನ ಮೇಲೆಯೇ ಕೂತು, "ಹೋಗಲಿ ಬಿಡಪ್ಪ. ಪೆಟ್ಟಿಗೆ ಮತ್ತೆ ಶುರು ಆಯ್ತಲ್ಲ," ಎಂದ. ಕ್ಷಮಿಸು ಎನ್ನುವುದು ಬಾಯಿಗೆ ಬರಲಿಲ್ಲ.

"ಆಯ್ತು. ಅದು ಎಷ್ಟು ಸಲ ಬೇಕಾದ್ರೂ ಮೊದಲಿಂದ ಪರೀಕ್ಷೆ ಮಾಡ್ಕೊಳ್ಳುತ್ತೆ. ಮಾಡಿಸ್ಕೊಳ್ಳೋ ಲೆಕ್ಕಕ್ಕೂ ಬೇಜಾರಿಲ್ಲ." ಅವನ ದನಿ ಏರಲಿಲ್ಲ. "ನನಗೆ ಬೇಜಾರಾಗುತ್ತೆ ಭಾವ."

ಸಂಜೆಯ ಬಸ್ಸಿಗೆ ಹಳೇ ಮುದ್ರಣಾಲಯದ ಗೆಳೆಯನ ಕೋಣೆಗೆ ಹೊರಟುಹೋದ. ಅಕ್ಕ ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ಗಂಡನ ಮೇಲೆ ಕೂಗಾಡಲೂ ಇಲ್ಲ. ಕೂಗಾಡಿದ್ದರೆ ಅವನಿಗೆ ಅನ್ನವಾದರೂ ಗಂಟಲಲ್ಲಿ ಇಳಿಯುತ್ತಿತ್ತು.

ಅನುಮಾನದಣ್ಣ ಪೆಟ್ಟಿಗೆಯನ್ನು ಆರಿಸಲಿಲ್ಲ. ದಿನವೂ ಅಂಗಡಿ ತೆರೆದ ಕೂಡಲೇ ಡಾರ್ಕ್‌ರೂಮಿಗೆ ಹೋಗಿ, ಪರೀಕ್ಷೆ ಎಲ್ಲಿಗೆ ಬಂತು ಎಂದು ನೋಡುತ್ತಿದ್ದ. ಅದರ ಮೇಲೆ ಕೂತ ಧೂಳನ್ನು ಲೆನ್ಸ್ ಒರೆಸುವ ಬಟ್ಟೆಯಲ್ಲೇ ಒರೆಸುತ್ತಿದ್ದ. ಒಂದು ಮಧ್ಯಾಹ್ನ ಪರೀಕ್ಷೆ ಎಷ್ಟಾಯಿತೆಂದು ತೋರಿಸುವ ಪರದೆಯ ಪಟ್ಟಿ ಪೂರ್ತಿ ತುಂಬಿತ್ತು. ಫೋನ್ ತೆಗೆದ.

"ಮುಗೀತಪ್ಪ. ಎಲ್ಲಾ ಸರಿಯಾಗಿದೆ ಅಂತಿದೆ."

"ಮೊದಲೂ ಸರಿಯಾಗೇ ಇತ್ತು ಭಾವ."

"ಗೊತ್ತು. ತಪ್ಪಾಯ್ತು." ಈ ಸಲ ಬಾಯಿಗೆ ಬಂತು. "ಮನೆಗೆ ಬಾ."

"ನೋಡೋಣ," ಎಂದು ಭಾಮೈದ ಫೋನ್ ಇಟ್ಟ.

ಅನುಮಾನದಣ್ಣ ಅಂಗಡಿಗೆ ಬೀಗ ಹಾಕಿ, ತಿರುವಿನಿಂದ ವಾಪಸ್ಸು ಬರದೆ ನೇರ ಮನೆಗೆ ಓಡಿದ. ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ಅವಳ ಮುಖ ಒಮ್ಮೆ ಅರಳಲಿ ಎಂಬ ಆಸೆಗೆ ಮಾತು ತಾನಾಗಿಯೇ ಹೊರಬಿತ್ತು.

"ಫೋನ್ ಮಾಡಿದ್ದೆ ಕಣೇ. ನಿನ್ನ ತಮ್ಮ ಬರ್ತಾನಂತೆ."

ಅವಳು ನಲ್ಲಿ ನಿಲ್ಲಿಸಿದಳು. ಸೆರಗಿಗೆ ಕೈ ಒರೆಸಿಕೊಂಡು ಅವನ ಮುಂದೆ ಚಾಚಿದಳು.

"ಫೋನ್ ಕೊಡಿ. ನಾನೇ ಕೇಳ್ತೀನಿ."