ಕೆಂಪು ದಾರದ ಕಾಯಿ

ಅವಳು ಮತ್ತೆ ಎದ್ದಳು. ಗಂಡನ ತಲೆದೆಸೆಯಲ್ಲಿ ಕೂತಿದ್ದವಳು ಮಂಡಿ ಹಿಡಿದುಕೊಂಡು, ಕುರ್ಚಿಗಳ ಸಂದಿಯಲ್ಲಿ ನುಸುಳಿ ಹಿತ್ತಿಲ ಕಡೆ ಹೊರಟಳು.

"ಅತ್ತಿಗೆ, ಒಂದು ಕಡೆ ಕೂತ್ಕೊಳ್ಳಿ ಅಂದ್ರೆ ಕೇಳಲ್ವಲ್ಲ!" ಅಂದಳು ನಾದಿನಿ. ಹಾಸ್ಟೆಲ್ ವಾರ್ಡನ್ ಆಗಿದ್ದವಳು. ಅಣ್ಣನ ಮುಖ ಕೊನೆಯ ಸಲ ನೋಡಲು ಬಂದವರನ್ನೂ ಊಟದ ಸಾಲಿನಂತೆ ನಿಲ್ಲಿಸಿದ್ದಳು. "ಗಾಡಿ ಇನ್ನೇನು ಬರುತ್ತೆ."

"ಬಂದೆ, ಬಂದೆ."

ಗೋಡೆಯ ನೆರಳಿನಲ್ಲಿ ಹೋಸ್ಟಾ ಗಿಡದ ಕುಂಡಗಳು ಸಾಲಾಗಿದ್ದವು. ಅಂಗೈಯಗಲದ ಎಲೆಗಳೇನೋ ಹಾಗೇ ಇದ್ದವು. ಅವುಗಳ ಮೇಲೆ ನೆಟ್ಟಗೆ ನಿಂತಿದ್ದ ಹೂದಂಟುಗಳು ಮಾತ್ರ ಒಂದೂ ಇರಲಿಲ್ಲ. ನೆಲ ಗುಡಿಸಿ ನೀರು ಚಿಮುಕಿಸಿಯಾಗಿತ್ತು.

"ಯಾರು ಕತ್ತರಿಸಿದ್ದು?"

"ನಾನೇ." ನಾದಿನಿ ಬೆನ್ನ ಹಿಂದೆಯೇ ಬಂದಿದ್ದಳು. "ಒಣಕಲು ಕಡ್ಡಿ, ಅದಕ್ಕೆ ಬಣ್ಣಬಣ್ಣದ ದಾರ ಬೇರೆ. ನಾಲ್ಕು ಜನ ಬರೋ ಹೊತ್ತಲ್ಲಿ ಚೆಂದಾನಾ ಅದು? ಎಲ್ಲಾ ಚೀಲಕ್ಕೆ ತುಂಬಿಸಿಟ್ಟಿದೀನಿ."

"ಯಾವ ಚೀಲಕ್ಕೆ?"

"ಕಸದ ಚೀಲಕ್ಕೆ. ಇನ್ಯಾವುದಕ್ಕೆ, ರೇಷ್ಮೆ ಚೀಲಕ್ಕಾ?"

*

ಎಲ್ಲರಿಗೂ ಅವಳ ಗಂಡ ಟೇಪಣ್ಣ. ಟೈಲರ್. ಅಳತೆಯ ಟೇಪು ಸದಾ ಕೊರಳಲ್ಲಿ. ಮದುವೆಯ ಫೋಟೋದಲ್ಲೂ ಅದರ ತುದಿ ಕಾಲರಿನಿಂದ ಇಣುಕುತ್ತಿತ್ತು. ಗಿರಾಕಿ ಮೆಟ್ಟಿಲಿಳಿಯುವುದೇ ತಡ, ಅವರ ದನಿ ಇವನ ಬಾಯಿಗೆ ಬಂದು ಕೂರುತ್ತಿತ್ತು. ಹೊಟ್ಟೆ ಒಳಗೆಳೆದುಕೊಂಡು ಸೊಂಟದ ಅಳತೆ ಕೊಡುವ ಬ್ಯಾಂಕ್ ಮ್ಯಾನೇಜರು ಉಸಿರುಗಟ್ಟಿ "ಸ್ವಲ್ಪ... ಲೂಸೇ... ಇರ್ಲಿ" ಅನ್ನುವುದನ್ನು ಮಾಡಿ ತೋರಿಸಿದರೆ, ಅಂಗಡಿಯಲ್ಲಿ ಗುಂಡಿ-ಕಾಜಾ ಹೊಲಿಯುತ್ತಿದ್ದವನು ನಕ್ಕೂ ನಕ್ಕೂ ಬೆರಳಿಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದ.

ಅಂಥವನಿಗೆ ಗಿಡದ ಹುಚ್ಚು ಹಿಡಿದದ್ದು ಒಂದು ಕುಂಡದಿಂದ. ಹಸಿರೆಲೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಹಾಗೆ ಬಿಳಿ ಗೆರೆ, ಹಳದಿ ಗೆರೆ.

"ಹೋಸ್ಟಾ ಅಂದ್ರೆ ಹೊಸ್ತಾ?" ಅವಳು ಕೇಳಿದ್ದಳು.

"ಎರಡು ಎಲೆ ಒಂದೇ ಥರ ಇಲ್ಲ ನೋಡು. ದಿನಾ ಹೊಸ್ತೇ."

ಇದೇ ಗೆರೆ ಇರಬೇಕು, ಎಲೆಯ ಅಂಚು ಮಾತ್ರ ಫ್ರಿಲ್ಲಿಟ್ಟ ಹಾಗೆ ನೆರಿಗೆಯಾಗಿರಬೇಕು. ಅಂಥ ಮರಿ ಅವನಿಗೆ ಬೇಕಾಗಿತ್ತು. ನೆರಿಗೆಯೆಲೆಯ ಹಸಿರು ಗಿಡ ಪಕ್ಕದ ಕುಂಡದಲ್ಲೇ ಇತ್ತು. ಅದರ ಪರಾಗ ತಂದು ಇದರ ಹೂವಿಗೆ ಸವರಿದರಾಯಿತು. "ಉಲ್ಟಾ ಮಾಡಿದ್ರೆ ಆಗಲ್ಲ ಕಣೇ. ಗೆರೆ ತಾಯಿ ಕಡೆಯಿಂದಾನೇ ಬರಬೇಕು. ಅಪ್ಪ ಪಟ್ಟೆಹುಲಿ ಆಗಿದ್ರೂ ಮಕ್ಕಳು ಬರೀ ಹಸಿರು."

ಗೆರೆಗಿಡವೋ ಮಹಾ ಮೊಂಡು. ಹೂ ಬಿಡುತ್ತಿತ್ತು, ಪರಾಗ ಸವರಿಸಿಕೊಳ್ಳುತ್ತಿತ್ತು, ನಾಲ್ಕು ದಿನ ಆಸೆ ತೋರಿಸಿ ತೊಟ್ಟು ಕಳಚುತ್ತಿತ್ತು. ಯಾವ ಹೂವಿಗೆ ಯಾವ ಪರಾಗ ಎಂದು ಅವನು ಬಣ್ಣದ ದಾರ ಕಟ್ಟಿ ಗುರುತಿಡುತ್ತಿದ್ದ: ಬೇರೆ ಗಿಡಗಳಿಗೆ ನೀಲಿ, ಹಳದಿ, ಗೆರೆಗಿಡಕ್ಕೆ ಕೆಂಪು. ವರ್ಷವೂ ನೀಲಿ ದಾರದ ಮುಂದೆ ಗೊಂಚಲು ಕಾಯಿ, ಕೆಂಪು ದಾರದ ಮುಂದೆ ಬೋಳು. "ಗಿಡಕ್ಕೆ ಗೆರೆ, ನನಗೆ ಬರೆ" ಎಂದು ತಾನೇ ನಗುತ್ತಿದ್ದ.

ಈ ಸಲ ಅವನ ಕೈ ನಡುಗತೊಡಗಿತ್ತು. ಬೆಳಗ್ಗೆ, ಜೇನು ಬರುವ ಮುಂಚೆ, ಅವಳೇ ಸವರಿದಳು. ಅವನು ಕುರ್ಚಿಯಲ್ಲಿ ಕೂತು, "ಉಜ್ಜಬೇಡ್ವೇ, ಪಾತ್ರೆ ಅಲ್ಲ ಅದು. ಬರೀ ಮುಟ್ಟಿಸು" ಅನ್ನುತ್ತಿದ್ದ. ಒಂದು ಕಾಯಿ ನಿಂತಿತು. ಒಂದೇ ಒಂದು.

ಹಾಸಿಗೆ ಹಿಡಿದ ಮೇಲೆ ದಿನ ಬೆಳಗಾದರೆ ಅದೇ ಪ್ರಶ್ನೆ.

"ನಿಂತಿದೆಯಾ?"

"ನಿಂತಿದೆ."

"ಒಡೆದಾಗ ನೋಡು. ಬೀಜ ಕಪ್ಪಗಿದ್ರೆ ಜೀವ ಇದೆ. ಬೆಳ್ಳಗಿದ್ರೆ ಜೊಳ್ಳು."

ಕೊನೆಯ ದಿನ ಮಾತು ನಿಂತುಹೋಗಿ ಕಣ್ಣಲ್ಲೇ ಕೇಳಿದ. "ಕಪ್ಪಗಿದೆ ಕಣ್ರೀ, ತುಂಬಿದೆ" ಅಂದುಬಿಟ್ಟಳು ಅವಳು. ಕಾಯಿ ಇನ್ನೂ ಬಾಯೇ ಬಿಟ್ಟಿರಲಿಲ್ಲ.

*

ಗೇಟಿನ ಬಳಿ ಅವಳು ಚೀಲವನ್ನು ತಲೆಕೆಳಗು ಮಾಡಿದಳು. ಕಾಗದದ ಲೋಟ, ಚಹಾದ ಚರಟ, ಬಾಡಿದ ಹೂ, ಅದರ ನಡುವೆ ಕಡ್ಡಿಗಳು. ನೀಲಿ. ಹಳದಿ. ನೀಲಿ.

"ಅಕ್ಕಾ, ಏನು ಹುಡುಕ್ತಿದೀರಾ?" ಅಂಗಡಿಯ ಕಾಜಾದವನು ಓಡಿಬಂದ.

"ಕೆಂಪು."

ಅವನು ಪ್ಯಾಂಟು ಮೇಲೆಳೆದುಕೊಂಡು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

ಗಾಡಿ ಬಂದು ನಿಂತಿತು. "ಪಾಪ, ತಲೆಗೆ ಹೋಗ್ಬಿಟ್ಟಿದೆ" ಎಂದು ಯಾರೋ ಪಿಸುಗುಟ್ಟಿದರು.

"ಅತ್ತಿಗೆ! ಜನ ನೋಡ್ತಿದಾರೆ!"

"ನೋಡ್ಲಿ. ಬೇಕಾದ್ರೆ ಅವರಿಗೂ ಒಂದೊಂದು ದಾರ ಕಟ್ತೀನಿ."

ಚಹಾದಲ್ಲಿ ನೆಂದು ಕಂದಾಗಿದ್ದ ಒಂದು ದಾರವನ್ನು ಕಾಜಾದವನು ಉಗುರಿನಿಂದ ಕೆರೆದ. ಒಳಗೆ ಕೆಂಪು. ತೊಟ್ಟಿನಲ್ಲಿ ಕಾಯಿ ಇತ್ತು, ತುದಿ ಬಿರಿದಿತ್ತು. ಅವಳು ಹೆಬ್ಬೆರಳಿಂದ ಒತ್ತಿದಳು. ಬಿಳಿ ಹೊಟ್ಟು. ಮತ್ತೆ ಬಿಳಿ. ಇನ್ನೊಂದು ಬದಿಯನ್ನು ಉಗುರಿನಿಂದ ಸೀಳಿದಳು. ತಳದಲ್ಲಿ, ಒಂದಕ್ಕೊಂದು ಅಂಟಿಕೊಂಡು, ಕಾಗದದ ಚೂರಿನಷ್ಟು ತೆಳುವಾದ ರೆಕ್ಕೆಯ, ಊದಿದರೆ ಹಾರಿಹೋಗುವಂಥ ಎರಡು ಬೀಜ.

"ಕಪ್ಪು ಅಕ್ಕಾ," ಅವನೆಂದ. "ಕಪ್ಪೇ."

ಅವಳು ಬೀಜಗಳನ್ನು ಅಂಗೈಗೆ ಹಾಕಿಕೊಂಡು ಬಲಮುಷ್ಟಿ ಕಟ್ಟಿದಳು, ಗೆಣ್ಣು ಬಿಳಿಚುವಷ್ಟು. ಕಾಜಾದವನು ಆ ಮುಷ್ಟಿಯನ್ನು ನೋಡಿದ. ಅವನಿಗೇ ತಿಳಿಯದೆ ಅವನ ಬಾಯಿಂದ ಟೇಪಣ್ಣನ ಮ್ಯಾನೇಜರು ಹೊರಬಿದ್ದ: "ಸ್ವಲ್ಪ... ಲೂಸೇ... ಇರ್ಲಿ." ಇಬ್ಬರಿಗೂ ನಗು ಉಕ್ಕಿತು, ಅರ್ಧ ದಾರಿಯಲ್ಲಿ ಅದು ಬೇರೇನೋ ಆಯಿತು.

"ಇರಿ, ಗುಂಡಿ ಡಬ್ಬಿ ತರ್ತೀನಿ," ಎಂದು ಅವನು ಎದ್ದ. ಅಷ್ಟರಲ್ಲಿ "ಹೆಗಲು ಕೊಡೋಕೆ ಬನ್ರಪ್ಪ" ಎಂದು ಒಳಗಿಂದ ಕೂಗಿದರು. ನಾದಿನಿ ಅತ್ತಿಗೆಯ ತೋಳು ಹಿಡಿದು ನಡೆಸಿದಳು. ಗಾಡಿ ಹತ್ತಿಸುವಾಗ, "ಕೈ ಬಿಡಿಸಿ ಅತ್ತಿಗೆ, ಕಂಬಿ ಹಿಡ್ಕೊಳ್ಳಿ" ಎಂದು ಬೆರಳು ಬಿಡಿಸಲು ನೋಡಿದಳು. ಬೆರಳು ಬಿಡಲಿಲ್ಲ. "ಸೆಟೆದುಕೊಂಡಿದೆ, ಪಾಪ" ಎಂದು ಆ ಮುಷ್ಟಿಯನ್ನೇ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಣ್ಣ ಹೋದಾಗಿನಿಂದ ಅವಳು ಅತ್ತದ್ದು ಅದೇ ಮೊದಲು.

ಗಾಡಿಯೊಳಗೆ ಎರಡೂ ಬದಿಗೆ ಬೆಂಚು, ನಡುವೆ ಅವನು. ಜನ ಒತ್ತೊತ್ತಾಗಿ ಕೂತಿದ್ದರು. ಬೆವರು. ಗಾಡಿ ಹೊರಟ ಕೂಡಲೇ ಕಿಟಕಿಗಳಿಂದ ಗಾಳಿ ನುಗ್ಗಿತು, ಎಲ್ಲರೂ ಉಸಿರು ಬಿಟ್ಟರು.

ಅವಳು ಎದ್ದಳು. ತನ್ನ ಬದಿಯ ಕಿಟಕಿಯ ಗಾಜು ಎಳೆದು ಮುಚ್ಚಿದಳು.

"ಅಯ್ಯೋ ಅತ್ತಿಗೆ, ಸೆಕೆ! ತೆಗೀರಿ ಅದನ್ನ."

ಅವಳು ಬಲಮುಷ್ಟಿಯನ್ನು ಎದೆಗೊತ್ತಿಕೊಂಡು, ಗಂಡನ ಮೇಲಿಂದ ಬಾಗಿ, ಆಚೆ ಬದಿಯ ಗಾಜನ್ನೂ ಎಡಗೈಯಲ್ಲಿ ಎಳೆಯತೊಡಗಿದಳು.