ಮಗ್ಗದ ಕೋಣೆಗೆ ಕೂಲರ್

ನಮ್ಮಪ್ಪ ಬಾಬಾನ ಬಳಿ ಮಗ್ಗವಿತ್ತು, ನೂಲಿತ್ತು, ಕೈಯಲ್ಲಿ ನಲವತ್ತು ವರ್ಷದ ಕಸುಬಿತ್ತು. ತೇವ ಇರಲಿಲ್ಲ.

ಮೇ ತಿಂಗಳಲ್ಲಿ ನಾಗಪುರದ ಗಾಳಿ ಎಲ್ಲದರಿಂದಲೂ ನೀರು ಕುಡಿಯುತ್ತದೆ. ತಂತಿಗೆ ಹಾಕಿದ ಒದ್ದೆ ಟವೆಲು ಹತ್ತು ನಿಮಿಷಕ್ಕೆ ಹಪ್ಪಳವಾಗುತ್ತದೆ. ಸಣ್ಣ ಹತ್ತಿ ನೂಲು ಆ ಗಾಳಿಯಲ್ಲಿ ಸೆಡೆದು ನಿಲ್ಲುತ್ತದೆ. ಲಾಳಿ ಓಡಿದರೆ ಸಾಕು, ಹಾಸಿನ ಎಳೆ ಪಟ್ ಎನ್ನುತ್ತದೆ. ನಮ್ಮ ನೇಕಾರರ ಕೋಷ್ಟಿ ಓಣಿಯಲ್ಲಿ ಮಗ್ಗಗಳು ಗುಂಡಿಯೊಳಗೆ ಇರುವುದೇ ನೆಲದ ತಂಪಿಗಾಗಿ. ಮೇನಲ್ಲಿ ಆ ಗುಂಡಿಯೂ ಒಣಗುತ್ತಿತ್ತು. ಬಾಬಾ ನಸುಕಿನಲ್ಲಿ ಮಗ್ಗಕ್ಕಿಳಿದು ಎಂಟು ಗಂಟೆಗೆ ಬೈಯುತ್ತಾ ಮೇಲೆ ಬರುತ್ತಿದ್ದರು.

ಆ ವರ್ಷ ಅಧಿಕ ಮಾಸ ಸರಿಯಾಗಿ ಜ್ಯೇಷ್ಠಕ್ಕೇ ಬಂದಿತ್ತು. ಅಳಿಯನನ್ನು ಕರೆಸಿ, ಅಕ್ಕಿಹಿಟ್ಟು ಬೆಲ್ಲದಲ್ಲಿ ಗರಿಗರಿಯಾಗಿ ಕರಿದ ಮೂವತ್ತಮೂರು ಅನಾರಸ ಇಟ್ಟ ತಟ್ಟೆ ಕೊಡಬೇಕು, ಮಗಳಿಗೆ ಸೀರೆ ಕೊಡಬೇಕು. ಎರಡು ವರ್ಷದ ಹಿಂದೆ ಅಕ್ಕನ ಮದುವೆಯಲ್ಲಿ ಬಾಬಾನ ಬಲಗೈಗೆ ಪ್ಲಾಸ್ಟರ್ ಇತ್ತು. ಅವಳು ಅಂಗಡಿ ಸೀರೆಯುಟ್ಟು ಅಕ್ಷತೆಗೆ ನಿಂತಳು. "ಡೋಮಾಜಿ ನಿಮಜೆಯ ಮಗಳಿಗೆ ಅಂಗಡಿ ಸೀರೆ" ಎಂದು ಓಣಿ ಎರಡು ವರ್ಷ ಆಡಿಕೊಂಡಿತು. ಹಾಗಾಗಿ ಈ ಸೀರೆ ಬಾಬಾನ ಕೈಯದೇ ಆಗಬೇಕಿತ್ತು. ಗಿಳಿಹಸಿರು ಮೈ, ಕೆಂಪಂಚು, ಹನ್ನೆರಡು ಮೊಳ. ಏಳು ಮೊಳ ಆಗಿತ್ತು. ಅಕ್ಕ ಭಾವ ಬರುವುದು ಭಾನುವಾರ. ಅವತ್ತು ಮಂಗಳವಾರ.

ಅದೇ ಮಂಗಳವಾರ ಅಮ್ಮ, ನಮ್ಮ ಆಯಿ, ಚೀಟಿ ಎತ್ತಿ ಒಂದು ಹಳೇ ಕಬ್ಬಿಣದ ಕೂಲರ್ ತಂದಳು. ಸೀರೆಗಲ್ಲ, ಅಳಿಯನಿಗೆ.

"ಹೋದ ಸಲ ಬಂದಾಗ ಜಾವಯಿಬಾಪು ಬೀಸಣಿಗೆ ಹಿಡ್ಕೊಂಡೇ ಊಟ ಮಾಡಿದ್ರು. ನನಗೆ ನಾಚಿಕೆ ಆಯ್ತು."

"ಅವರೂರು ಭಂಡಾರಾದಲ್ಲೇನು ಮಂಜು ಬೀಳುತ್ತಾ?" ಎಂದರು ಬಾಬಾ.

ಕೂರಿಸಲು ಹಿಂದಿನ ಓಣಿಯ ಕೂಲರ್ ಮೇಸ್ತ್ರಿ ಲತೀಫ್ ಚಾಚಾ ಬಂದ. ಏಪ್ರಿಲ್‌ನಿಂದ ಜೂನ್‌ವರೆಗೆ ಅವನಿಗೆ ಮುಖ್ಯಮಂತ್ರಿಗಿಂತ ಹೆಚ್ಚು ಮರ್ಯಾದೆ. ಕೂಲರನ್ನು ತಟ್ಟಿ ನೋಡಿದ, ಮೂಸಿ ನೋಡಿದ. ಮೂರು ಬದಿಯ ಜಾಳಿಗೆಗಳಿಂದ ಹಳೇ ಹುಲ್ಲನ್ನು ಕಿತ್ತೆಸೆದ. ಹುಲ್ಲೆಂದರೆ ಹುಲ್ಲಲ್ಲ, ನೂಡಲ್ಸಿನ ಹಾಗೆ ಹೆರೆದ ಮರದ ನಾರು. ಹೊಸದನ್ನು ನಾನು ಬಕೆಟ್ಟಿನಲ್ಲಿ ಮೂರು ಸಲ ತೊಳೆದೆ. ಮೂರೂ ಸಲ ಚಹಾದಂಥ ನೀರು ಬಂತು. ಪಂಪನ್ನು ತೊಟ್ಟಿಯ ತಳಕ್ಕಿಟ್ಟು, ಕೊಳವೆಯನ್ನು ಮೇಲಿನ ದೋಣಿಯಾಕಾರದ ತಗಡಿಗೆ ಸಿಕ್ಕಿಸಿ, ಅಂಗಳದಲ್ಲೇ ಒಮ್ಮೆ ಓಡಿಸಿ ನೋಡಿದೆವು.

ಪಂಪು ಗುರ್ ಎಂದಿತು. ದೋಣಿಯ ತೂತುಗಳಿಂದ ನೀರು ಇಳಿದು ನಾರು ಕಪ್ಪಾಗುತ್ತಾ ಬಂತು. ಚಾಚಾ ಫ್ಯಾನಿನ ಗುಂಡಿ ತಿರುಗಿಸಿದ.

ಆಯಿ "ಅಯ್ಯಯ್ಯೋ" ಎಂದು ಸೆರಗನ್ನು ಗಾಳಿಗೆ ಬಿಟ್ಟು ನಿಂತಳು. ಪಕ್ಕದ ಮನೆಯವರು ಗೋಡೆ ಮೇಲಿಂದ ತಲೆ ಚಾಚಿದರು. ನಾನು ಬಾಯಿ ತೆಗೆದು ಗಾಳಿ ಕುಡಿದೆ. ಹಸಿ ಮರದ ವಾಸನೆ.

ಬಾಬಾ ಮಾತ್ರ ಒಳಗೆ ಹೋಗಿ ಒಂದು ಗೇಣು ನೂಲು ತಂದರು. ಬಿಸಿಲಲ್ಲಿ ಹಿಡಿದು ಎಳೆದರು: ಪಟ್. ಇನ್ನೊಂದನ್ನು ಕೂಲರಿನ ಮುಂದೆ ಹಿಡಿದುಕೊಂಡು ನಿಂತರು, ಸ್ವಲ್ಪ ಹೊತ್ತು. ಎಳೆದರು. ಹಿಗ್ಗಿತು, ಹರಿಯಲಿಲ್ಲ. ಮತ್ತೆ ಎಳೆದರು. ಅವರ ಮುಖದ ಮೇಲೆ ಅಂಥ ನಗು ನಾನು ನೋಡಿರಲಿಲ್ಲ.

"ಇದು ಮಗ್ಗದ ಕೋಣೆಗೆ."

"ಏನಂದ್ರಿ? ಜಾವಯಿಬಾಪು ಎಲ್ಲಿ ಕೂರ್ತಾರೆ, ಗುಂಡೀಲಾ?"

"ಕೂರ್ಲಿ. ತಂಪಾಗಿರುತ್ತೆ."

"ಲತೀಫ್ ಭಾಯಿ, ನೀವಾದ್ರೂ ಹೇಳಿ!"

"ಭಾಭಿ, ನಾನು ಗಂಡ ಹೆಂಡತಿ ಮಧ್ಯೆ ಕೂಲರ್ ಇಡೋನಲ್ಲ. ಕಿಟಕೀಲಿ ಇಡೋನು. ಯಾವ ಕಿಟಕಿ ಅಂತ ತೀರ್ಮಾನ ಆಗ್ಲಿ, ಅಷ್ಟರಲ್ಲಿ ಚಹಾ ಕುಡೀತೀನಿ."

ಆಯಿ ಚಹಾ ಸೋಸುವಷ್ಟು ಹೊತ್ತು ಯೋಚಿಸಿದಳು. ಸೀರೆಯ ಮಾತು ಆಡಿಕೊಂಡವರಲ್ಲಿ ಅವಳ ಸ್ವಂತ ನಾದಿನಿಯೂ ಇದ್ದಳು. ಲೋಟ ಕೊಡುತ್ತಾ, "ಸೀರೆ ಮುಗೀದಿದ್ರೆ ಈ ಕೂಲರನ್ನ ನಿಮ್ಮ ತಲೆ ಮೇಲೇ ಕೂರಿಸ್ತೀನಿ," ಎಂದಳು. ಅದು ಒಪ್ಪಿಗೆ.

ಮಗ್ಗದ ಕೋಣೆಯ ಕಿಟಕಿ ಹಿತ್ತಲಿಗಿತ್ತು. ಚಾಚಾ ಅದರ ಕದಗಳನ್ನು ಕಳಚಿ ನಾಲ್ಕು ಸರಳು ಕೊಯ್ದ. ಹೊರಗೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂಲರ್ ಏರಿಸಿ ಬಾಯಿಯನ್ನು ಕಿಟಕಿಗೆ ಕೊಟ್ಟ. ಮೇಲೆ ನೀರು ತುಂಬಿದ ತಟ್ಟೆ ಇಟ್ಟು ಓರೆ ನೋಡಿ, ಒಂದು ಕಾಲಿಗೆ ಹೆಂಚಿನ ಚೂರು ಕೊಟ್ಟ. ಸಂದುಗಳಿಗೆ ನಾನು ಹಳೇ ಚಾದರ ತುರುಕಿದೆ.

"ಕೇಳಿ. ಮೊದಲು ಪಂಪು. ಹುಲ್ಲು ಪೂರಾ ನೆಂದ ಮೇಲೆ ಫ್ಯಾನು. ಎದುರಿನ ಬಾಗಿಲು ತೆಗೆದೇ ಇರಬೇಕು," ಎಂದ ಚಾಚಾ.

"ಮುಚ್ಚಿದ್ರೆ?" ಎಂದರು ಬಾಬಾ.

"ಮುಚ್ಚಿದ್ರೆ ಮನೆಯೊಳಗೆ ಮುಂಬೈ. ಮೈಯೆಲ್ಲಾ ಅಂಟಂಟು."

ಚಾಚಾ ಹೋದ ಕೂಡಲೇ ಬಾಬಾ ಬಾಗಿಲು ಮುಚ್ಚಿದರು. ಮುಂಬೈಯೇ ಬೇಕಾಗಿತ್ತು ಅವರಿಗೆ.

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಮನೆಯಲ್ಲಿ ಮಗ್ಗದ ಸದ್ದು. ಓಣಿಯವರು ಬಂದು ಬಾಗಿಲಿಗೆ ಕಿವಿ ಕೊಟ್ಟರು. ಒಳಗೆ ಬಾಬಾ ಬರಿ ಬನಿಯನ್ನಿನಲ್ಲಿ, ಬೆವರು ಸುರಿಸುತ್ತಾ, ಅಭಂಗ ಹೇಳುತ್ತಾ ಲಾಳಿ ಓಡಿಸುತ್ತಿದ್ದರು. ನನ್ನ ಕೆಲಸ ನೀರು. ಬೆಳಗ್ಗೆ ಹತ್ತು ಬಕೆಟ್, ಮಧ್ಯಾಹ್ನ ಆರು. ತೋಳು ಹರಿದುಹೋಗುತ್ತಿತ್ತು, ಆದರೂ ಪ್ರತಿ ಬಕೆಟ್ಟಿಗೆ ಒಳಗೆ ಇಣುಕಿ ಎಷ್ಟು ಬೆರಳು ನೇಯ್ದಾಗಿದೆ ಎಂದು ನೋಡಿ ಬರುತ್ತಿದ್ದೆ. ಅವತ್ತು ಒಂದೂಕಾಲು ಮೊಳ. ಗುರುವಾರ ಇನ್ನೂ ಒಂದೂಕಾಲು.

ಶುಕ್ರವಾರ ಪಟ್. ಮತ್ತೆ ಪಟ್. ಗಂಟೆಯೊಳಗೆ ಐದು ಎಳೆ, ಎಲ್ಲವೂ ಎಡಗಡೆ.

"ನೂಲೇ ಕೆಟ್ಟದ್ದು," ಬಾಬಾ ಗುಂಡಿಯಿಂದ ಕೂಗಿದರು. "ಮುಗೀತು. ಆಗಲ್ಲ ಇದು."

"ಎಡಗಡೆ ನೂಲು ಮಾತ್ರ ಕೆಟ್ಟಿರುತ್ತಾ ಬಾಬಾ?"

"ನೀನು ಕಾಲೇಜು. ನೀನೇ ಹೇಳು."

ಹಿತ್ತಲಿಗೆ ಹೋಗಿ ನೋಡಿದೆ. ಒಂದು ಬದಿಯ ಹುಲ್ಲಿನ ನಡುವೆ ಅಂಗೈ ಅಗಲದ ಪಟ್ಟಿ ಮೇಲಿಂದ ಕೆಳಗಿನವರೆಗೆ ಒಣಗಿ ಬೆಳ್ಳಗಿತ್ತು. ಅಲ್ಲಿಂದ ಬೆಂಕಿಯ ಗಾಳಿ ನೇರ ಒಳಗೆ ನುಗ್ಗುತ್ತಿತ್ತು. ಪೊರಕೆಯಿಂದ ಒಂದು ಕಡ್ಡಿ ಕಿತ್ತು ದೋಣಿಯ ತೂತುಗಳಿಗೆ ಚುಚ್ಚಿದೆ. ಮೂರು ತೂತು ಕಟ್ಟಿಕೊಂಡಿದ್ದವು. ಮೂರರಿಂದಲೂ ನೀರು ಚಿಮ್ಮಿ ನನ್ನ ಮುಖಕ್ಕೇ ಬಿತ್ತು.

"ಈಗ ಓಡಿಸಿ!"

ಹದಿನೈದು ನಿಮಿಷ ಕಾದೆವು. ಬಾಬಾ ಹರಿದ ಎಳೆಗಳನ್ನು ಒಂದೊಂದಾಗಿ ಹೊಸೆದು ಜೋಡಿಸಿದರು. ಲಾಳಿ ಓಡಿತು. ಏನೂ ಹರಿಯಲಿಲ್ಲ. ಆಯಿ ಬಾಗಿಲಾಚೆಯಿಂದ ಚಪ್ಪಾಳೆ ತಟ್ಟಿದಳು, ಆಮೇಲೆ ತಟ್ಟಿದವಳು ತಾನಲ್ಲ ಎಂಬಂತೆ ಅನಾರಸ ಕರಿಯಲು ಹೋದಳು.

ಭಾನುವಾರ ಹನ್ನೊಂದಕ್ಕೆ ಅಕ್ಕ, ಮನೋಹರ ಭಾವ ಬಂದರು. ಹೊರಗೆ ನಲವತ್ತಾರು ಡಿಗ್ರಿ. ಸೀರೆ ಇನ್ನೂ ಅರ್ಧ ಮೊಳ ಬಾಕಿ. ಬೇರೆ ದಾರಿಯಿಲ್ಲದೆ ಆಯಿ ಬೆಳಗ್ಗೆಯೇ ಮಗ್ಗದ ಪಕ್ಕ ಚಾಪೆ ಹಾಸಿ, ಮಣೆ ಇಟ್ಟು, ಅನಾರಸದ ತಟ್ಟೆಯನ್ನು ದೀಪದ ಜೊತೆ ಅಲ್ಲೇ ಜೋಡಿಸಿದ್ದಳು. ಭಾವ ಬಂದು ಕೂತರು. ಐದು ನಿಮಿಷಕ್ಕೆ ಹೊಸ ಅಂಗಿ ಬೆನ್ನಿಗೆ ಅಂಟಿತು.

"ಬಾಗಿಲು ಸ್ವಲ್ಪ ತೆಗೆದ್ರೆ," ಎಂದರು ಭಾವ.

"ತೆಗೀಬೇಡಿ!" ಬಾಬಾ ಗುಂಡಿಯಿಂದಲೇ ಅಬ್ಬರಿಸಿದರು.

ಆಯಿ ಹಣೆ ಚಚ್ಚಿಕೊಂಡಳು. ಅಳಿಯನ ಮೇಲೆ, ಅದೂ ಅಧಿಕ ಮಾಸದಲ್ಲಿ, ಯಾರಾದರೂ ಹಾಗೆ ಕೂಗುತ್ತಾರೆಯೇ? ಅಕ್ಕ ಗಂಡನ ಮುಖ ನೋಡಿದಳು. ಭಾವ ಹಾಸನ್ನು ನೋಡಿದರು, ಬಾಗಿಲನ್ನು ನೋಡಿದರು.

"ಇದು ಇವಳಿಗಾ?"

"ಮತ್ತೆ ನಿಮಗಾ?" ಎಂದರು ಬಾಬಾ, ಲಾಳಿ ನಿಲ್ಲಿಸದೆ.

ಭಾವ ಎದ್ದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ಬನಿಯನ್ನಿನಲ್ಲಿ ವಾಪಸು ಕೂತು, "ಹೊಡೀರಿ ಮಾಮಾಜಿ. ಕೊನೇ ಅರ್ಧ ಮೊಳ, ನಾನೂ ನೋಡೇಬಿಡ್ತೀನಿ," ಎಂದರು.

ಮುಂದಿನ ಮೂರು ಗಂಟೆ ಆ ಕೋಣೆ ಕುಸ್ತಿ ಕಣದ ಹಾಗಿತ್ತು. ಅಕ್ಕ ಉಳಿದ ಬೆರಳು ಎಣಿಸಿ ಕೂಗುತ್ತಿದ್ದಳು. ನಾನು ಬಕೆಟ್ ಹಿಡಿದು ಓಡುತ್ತಿದ್ದೆ. ಒಮ್ಮೆ ಪಟ್ ಎಂದಾಗ ಐದೂ ಜನ ಒಟ್ಟಿಗೆ ಬೈದೆವು. ನಾಲ್ಕು ಬೆರಳು, ಎರಡು ಬೆರಳು, ಆಯಿತು. ಬಾಬಾ ಕತ್ತರಿ ಹಾಕಿ ಸೀರೆ ಬಿಡಿಸಿದರು. ಅಕ್ಕ ಅದನ್ನು ಪ್ರಯಾಣದ ಸೀರೆಯ ಮೇಲೆಯೇ ಸುತ್ತಿಕೊಂಡು ಅಂಗಳಕ್ಕೆ ಓಡಿದಳು, ಓಣಿಗೆ ಕಾಣಲಿ ಎಂದು. ಆಯಿಯ ಆ ನಾದಿನಿಯ ಮನೆಯ ಕಿಟಕಿ ತೆರೆಯುವವರೆಗೂ ಅಲ್ಲೇ ನಿಂತಿದ್ದಳು.

ಆಮೇಲೆ ಬಾಗಿಲು ತೆಗೆದು ಆರತಿ ಮಾಡಿದೆವು. ಭಾವ ಒಂದು ಅನಾರಸ ಎತ್ತಿದರು. ಅದು ಮುರಿಯಲಿಲ್ಲ, ಚಪಾತಿಯಂತೆ ಬಾಗಿತು. ಆಯಿ ಇನ್ನೊಂದನ್ನು ಎತ್ತಿ ನೋಡಿದಳು, ಮತ್ತೊಂದನ್ನು. ಬಾಬಾ ಮಗ್ಗದ ಕಡೆ ತಿರುಗಿ ಕೂತರು.

ಕೂಲರ್ ಬಂದ ಮೇಲೆ ಹರಿದದ್ದು ಹನ್ನೊಂದು ಎಳೆ. ಮೆತ್ತಗಾದದ್ದು ಮೂವತ್ತಮೂರು ಅನಾರಸ.