ಕುರಿ ಗ್ರೂಪಿನಲ್ಲಿ ಕುರುಡು ಟಗರು

ಮುನಿಲಕ್ಷ್ಮಿ ಬೀರುವಿನ ಪುಸ್ತಕಗಳನ್ನು ಒಂದೊಂದಾಗಿ ಇಳಿಸಿ, ಒಣಬಟ್ಟೆಯಲ್ಲಿ ಒರೆಸಿ, ಮತ್ತೆ ಅದೇ ಜಾಗದಲ್ಲಿ ಇಡುತ್ತಿದ್ದಳು. ತಮಿಳುನಾಡಿನ ಪೆನ್ನಾಗರಂ ಪಕ್ಕದ ಆ ಊರಿನ ಲೈಬ್ರರಿಯಲ್ಲಿ ಗುಡಿಸಿ ಒರೆಸುವುದು ಅವಳ ಕೆಲಸ. ಕನ್ನಡದ್ದು ಇದೊಂದೇ ಬೀರು. ಪುಸ್ತಕಗಳಿಗೆಲ್ಲ ಒಂದೇ ಖಾಕಿ ಬೈಂಡು. ಒಳಗೆ ಅಂಟಿಸಿದ ಚೀಟಿಗಳ ಮೇಲೆ ಕೊನೆಯ ಸೀಲು ಬಿದ್ದು ಆರು ವರ್ಷವಾಗಿತ್ತು.

ಊರಲ್ಲಿ ಮನೆಮನೆಯಲ್ಲೂ ಆಡುವುದು ಕನ್ನಡವೇ. ಓದಿದವರು ಮಾತ್ರ ತಮಿಳಲ್ಲಿ ಓದಿದವರು. ಮುನಿಲಕ್ಷ್ಮಿ ಗಡಿಯಾಚೆ ಸೋದರಮಾವನ ಮನೆಯಲ್ಲಿದ್ದು ಏಳನೇ ಕ್ಲಾಸಿನವರೆಗೆ ಕನ್ನಡ ಕಲಿತಿದ್ದಳು. ಅವ್ವ ಕಾಯಿಲೆ ಬಿದ್ದ ವರ್ಷ ಶಾಲೆ ಬಿಟ್ಟು ಬಂದಳು. ಹಾಗಾಗಿ ಆ ಬೀರು ಹೆಚ್ಚುಕಮ್ಮಿ ಅವಳದೇ ಆಗಿತ್ತು.

"ಲೆಟರ್ ವಂದುಡುಚ್ಚು, ಮುನಿ," ಎಂದಳು ಲೈಬ್ರರಿಯನ್ ತಮಿಳ್‌ಸೆಲ್ವಿ. ಮೇಲಿನ ಆಫೀಸಿನಿಂದ ಬಂದ ಕಾಗದ. ತಿಂಗಳ ಕೊನೆಯೊಳಗೆ ಇಪ್ಪತ್ತು ಜನವಾದರೂ ಕನ್ನಡ ಪುಸ್ತಕ ಒಯ್ಯದಿದ್ದರೆ ಬೀರು ಗೋಡೌನಿಗೆ. ಉಳಿದದ್ದು ಒಂಬತ್ತು ದಿನ.

"ಫೇಸ್‌ಬುಕ್ಕಲ್ಲಿ ಬೀರು ಫೋಟೋ ಹಾಕಿದೀನಿ. ನೋಡು, ನೂರಿಪ್ಪತ್ತು ಲೈಕು!" ಎಂದು ತಮಿಳ್‌ಸೆಲ್ವಿ ಫೋನು ಮುಂದೆ ಹಿಡಿದಳು.

ಮುನಿಲಕ್ಷ್ಮಿ ಬಗ್ಗಿ ನೋಡಿದಳು. ಸೇಲಂನವರು, ಚೆನ್ನೈನವರು, ದುಬೈಯಲ್ಲಿರುವ ಒಬ್ಬ. ಬಂದು ಪುಸ್ತಕ ಒಯ್ಯುವಷ್ಟು ಹತ್ತಿರದವರು ಒಬ್ಬರೂ ಇಲ್ಲ.

"ನಮ್ಮೂರೋರು ಇದ್ರಲ್ಲಿಲ್ಲ ಅಕ್ಕಾ," ಎಂದಳು ಮೆಲ್ಲಗೆ. "ಅವ್ರೆಲ್ಲಾ ಕುರಿ ಗ್ರೂಪಲ್ಲವ್ರೆ."

ಕುರಿ ಗ್ರೂಪು ವಾಟ್ಸಾಪಿನದು. ಯಾವ ದಿಣ್ಣೆಯಲ್ಲಿ ಮೇವಿದೆ, ಯಾರ ಮರಿ ತಪ್ಪಿಸಿಕೊಂಡಿದೆ, ಡಾಕ್ಟರು ಸೂಜಿ ಹಾಕಲು ಯಾವತ್ತು ಬರುತ್ತಾರೆ, ಎಲ್ಲವೂ ಅಲ್ಲಿ ಬಾಯಿಮಾತಿನಲ್ಲೇ. ಬರೆಯುವ ಗೋಜೇ ಇಲ್ಲ. ಮುನಿಲಕ್ಷ್ಮಿ ಮನೆಯ ಏಳು ಕುರಿಗಳ ಲೆಕ್ಕದಲ್ಲಿ ಗ್ರೂಪು ಸೇರಿ ಎರಡು ವರ್ಷವಾದರೂ ಬಾಯಿ ಬಿಟ್ಟವಳಲ್ಲ.

ಆ ಮಧ್ಯಾಹ್ನ ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ಕೂತಳು. ಒಂದು ಕತೆ ಪುಸ್ತಕ ತೆಗೆದು, ಫೋನಿನ ಮೈಕು ಒತ್ತಿ ಓದತೊಡಗಿದಳು. ಒಬ್ಬ ಮುದುಕಿಗೆ ಒಂದು ಕುರುಡು ಟಗರು. ಕಾಡಿನಲ್ಲಿ ದಾರಿ ತಪ್ಪಿದ ಹಿಂಡನ್ನು ಅದು ವಾಸನೆ ಹಿಡಿದು ಮನೆ ಕಡೆ ಹೊರಡಿಸುತ್ತದೆ. ಅಲ್ಲಿಗೆ ನಿಲ್ಲಿಸಿ ಗ್ರೂಪಿಗೆ ಹಾಕಿದಳು.

ಮೊದಲು ಮಾತಾಡಿದವನು ಅಡ್ಮಿನ್ ಎಲ್ಲಪ್ಪ. "ಯಾರಮ್ಮಾ ಅದು? ಇದು ಕುರಿ ಗ್ರೂಪು. ಕತೆಗಿತೆ ಇಲ್ಲಿ ಆಕ್ಬಾರ್ದು."

ಅವನ ಬೆನ್ನಿಗೇ ಪಾಪಣ್ಣನ ಗೊಗ್ಗರು ದನಿ. "ಲೇ ಎಲ್ಲಪ್ಪ, ಟಗರೇನು ಕೋಳಿ ಜಾತಿಯೇನ್ಲಾ? ಸುಮ್ಕಿರು. ಆಮೇಕೆ ಏನಾಯ್ತು ಯೇಳವ್ವ."

ಮುನಿಲಕ್ಷ್ಮಿ ದಿನಕ್ಕಿಷ್ಟು ಓದಿದಳು. ತಾನೂ ಮುಂದಿನ ಪುಟ ತಿರುವಿ ನೋಡಲಿಲ್ಲ. ಕೇಳುವವರ ಜೊತೆಗೇ ತಿಳಿಯಲಿ ಎಂದು. ಮೂರನೇ ದಿನಕ್ಕೆ ಅವಳು ಗೋಡೆಗೆ ಮುಖ ಮಾಡುವುದನ್ನು ಬಿಟ್ಟಿದ್ದಳು. ಆರನೇ ದಿನ ಟಗರು ಹೊಳೆಯ ದಡದಲ್ಲಿತ್ತು. ಮುಂದೆ ಉಕ್ಕುವ ನೀರು, ಹಿಂದೆ ಚಿರತೆ. ಅವಳು ಪುಸ್ತಕ ಮುಚ್ಚಿದಳು.

"ಮಿಕ್ಕಿದ್ದು ಬೇಕಂದ್ರೆ ನಾಳೆ ಲೈಬ್ರರಿಗೆ ಬನ್ನಿ. ಆಧಾರ್ ತನ್ನಿ. ಬಂದೋರು ಒಂದೊಂದು ಪುಸ್ತಕ ಮನೆಗೆ ತಕ್ಕೊಂಡೋಗಿ. ಇಲ್ದಿದ್ರೆ ಬೀರೂನೇ ಎತ್ಕೊಂಡೋಗ್ತಾರೆ."

ಬೆಳಿಗ್ಗೆ ಬೀಗ ತೆಗೆಯುವ ಹೊತ್ತಿಗೆ ಮೂವತ್ತೊಂದು ಜನ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ನಿಂತಿದ್ದರು.

"ಕತೆ ಓದೋ ಹೆಣ್ಣು ಯಾವ್ದವ್ವಾ?" ಎಂದಳು ದೊಡ್ಡಮುನಿಯಮ್ಮ, ಎಲ್ಲರಿಗಿಂತ ಹಿರಿಯಳು.

"ನಾನೇ ಅಜ್ಜಿ," ಎಂದಳು ಮುನಿಲಕ್ಷ್ಮಿ, ಕೈಯಲ್ಲಿ ಪೊರಕೆ.

"ಅಯ್ಯೋ, ನಮ್ಮ ಗುಡಿಸೋ ಮುನಿ! ನಿಂಗೆ ಬಾಯೈತೆ ಅಂತ್ಲೇ ಗೊತ್ತಿರ್ಲಿಲ್ವಲ್ಲೇ!"

ತಮಿಳ್‌ಸೆಲ್ವಿ ಎಲ್ಲರ ಆಧಾರ್ ಕಾರ್ಡು ಕಲೆಹಾಕಿ ಮುನಿಲಕ್ಷ್ಮಿಯನ್ನು ಜೆರಾಕ್ಸ್ ಅಂಗಡಿಗೆ ಓಡಿಸಿದಳು. ಅಲ್ಲಿ ಕರೆಂಟು ಹೋಗಿತ್ತು, ಬರುವವರೆಗೆ ಕಾಯಬೇಕಾಯಿತು. ಅವಳು ಹಿಂತಿರುಗಿದಾಗ ಮೆಟ್ಟಿಲ ಮೇಲೆ ಕಾರ್ಡಿಗಾಗಿ ಕಾದಿದ್ದವರ ಕಂಕುಳಲ್ಲೆಲ್ಲ ಖಾಕಿ ಬೈಂಡು. ದೊಡ್ಡಮುನಿಯಮ್ಮ ತನ್ನದನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಕಾರ್ಡು ಕೈಗೆ ಬಂದದ್ದೇ ಎಲ್ಲರೂ ಕುರಿ ಬಿಡುವ ಹೊತ್ತಾಯಿತೆಂದು ಹೊರಟರು.

"ಕತೆ ಸಾಯಂಕಾಲ ಫೋನಿಗಾಕು!" ಎಂದು ಪಾಪಣ್ಣ ಅಲ್ಲಿಂದಲೇ ಕೂಗಿದ.

ಮುನಿಲಕ್ಷ್ಮಿ ಒಳಗೆ ಬಂದಳು. ಬೀರುವಿನ ಎರಡು ಅಂತಸ್ತು ಖಾಲಿ. ಇನ್ನು ಅದನ್ನು ಯಾರೂ ಅಲ್ಲಾಡಿಸುವಂತಿರಲಿಲ್ಲ. ತಾನು ಮೇಜಿನ ಮೇಲೆ ಬಿಟ್ಟುಹೋಗಿದ್ದ ಟಗರಿನ ಪುಸ್ತಕವೂ ಇರಲಿಲ್ಲ.

"ಅಕ್ಕಾ, ಅದು ಯಾರು ತಕ್ಕೊಂಡ್ರು?"

ತಮಿಳ್‌ಸೆಲ್ವಿ ರಿಜಿಸ್ಟರು ತಿರುಗಿಸಿ ತೋರಿಸಿದಳು. ಮೂವತ್ತೊಂದು ಹೆಸರು, ಅವುಗಳ ಮುಂದೆ ಹೆಬ್ಬೆಟ್ಟು ಇಲ್ಲವೇ ತಮಿಳು ಸಹಿ. ಪುಸ್ತಕದ ಹೆಸರಿನ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನವರೆಗೂ ತಮಿಳಲ್ಲಿ ಒಂದೇ ಮಾತು: ಕನ್ನಡ ಪುಸ್ತಕ, ಒಂದು.

"ನಂಗೆ ನಿಮ್ಮ ಅಕ್ಷರ ತೆರಿಯಾದು, ಓದೋಕೆ ಬರಲ್ಲ ಮುನಿ," ಎಂದಳು ತಮಿಳ್‌ಸೆಲ್ವಿ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಸಾಯಂಕಾಲ ಗ್ರೂಪು ಗಿಜಿಗುಟ್ಟಿತು. ಟಗರು ದಾಟ್ತಾ? ಚಿರತೆ ಹಿಡೀತಾ? ಎಲ್ಲಪ್ಪನೂ ಕೇಳಿದ, "ಏನವ್ವಾ, ಇವತ್ತು ಕತೆ ಇಲ್ವಾ?" ಮೂವತ್ತೊಂದು ಮನೆಯಲ್ಲಿ ಮೂವತ್ತೊಂದು ಖಾಕಿ ಬೈಂಡು, ತಮ್ಮ ಮನೆಯಲ್ಲಿರುವುದು ಯಾವುದೆಂದು ಒಬ್ಬರಿಗೂ ಗೊತ್ತಿರಲಾರದು. ಮುನಿಲಕ್ಷ್ಮಿ ಬೀದಿಯ ಜಗಲಿಯ ಮೇಲೆ, ಎಲ್ಲರ ಎದುರಿಗೇ ಕೂತು ಮೈಕು ಒತ್ತಿದಳು.

"ಟಗರಿನ ಪುಸ್ತಕ ನಿಮ್ಮಲ್ಲೇ ಯಾರ ಮನೇಲೋ ಐತೆ. ನಾಳೆ ತಂದ್ಕೊಡಿ."

ಎಲ್ಲರೂ ಕೇಳಿದರು. ತಂತಮ್ಮ ಖಾಕಿ ಬೈಂಡು ತೆರೆದು, ಓದಲು ಬಾರದ ಅಕ್ಷರಗಳಲ್ಲಿ ಟಗರನ್ನು ಹುಡುಕತೊಡಗಿದರು.